ನಲ್ಲಿ ಇದೆಯಾ ಅಂತ ಕೇಳಿದ್ದೆವು

ಊರು ಎಷ್ಟು ಮುಂದೆ ಬಂದಿದೆ ಅಂತ ಮನೆಮನೆಗೆ ಹೋಗಿ ವಿಚಾರಿಸುವ ಕೆಲಸದಲ್ಲಿ ಕೇಳಿದ್ದಕ್ಕೆ ಉತ್ತರ ಸಿಗುತ್ತದೆ, ಕೇಳದೆ ಬಿಟ್ಟಿದ್ದಕ್ಕೂ ಸಿಗುತ್ತದೆ. ನಗು ಬರುವುದು ಯಾವಾಗಲೂ ಈ ಎರಡನೆಯದಕ್ಕೆ.

ತೊಂಬತ್ತರ ದಶಕದ ಕೊನೆಯಲ್ಲಿ, ಮಗಳು ಶಾಲೆಗೆ ಸೇರಿದ ಮೇಲೆ, ನಾನು ಇಂಥದೊಂದು ಸಮೀಕ್ಷೆಯ ಕೆಲಸಕ್ಕೆ ಸೇರಿಕೊಂಡೆ. ಬೆನ್ಸನ್ ಟೌನಿನ ಹಳೇ ಬಂಗಲೆಯಲ್ಲಿ ಕಚೇರಿ. ಹಲಸೂರಿನಿಂದ ಕೆ.ಆರ್. ಪುರದವರೆಗೆ ಯಾರ ಮನೆಯಲ್ಲಿ ಏನೇನಿದೆ ಅಂತ ಬರೆದುಕೊಂಡು ಬರಬೇಕು. ನಾವು ತಂದ ಲೆಕ್ಕದ ಮೇಲೆ ಯಾವ ಬೀದಿಗೆ ನೀರಿನ ಲಾರಿ ಕಳಿಸಬೇಕು, ಯಾವುದಕ್ಕೆ ನಿಲ್ಲಿಸಬೇಕು ಅನ್ನುವುದೂ ತೀರ್ಮಾನವಾಗುತ್ತಿತ್ತು. ಹಾಗಾಗಿ ನಗುವಾಗಲೂ ಒಳಗೊಳಗೆ ಸ್ವಲ್ಪ ಅಳುಕು ಇದ್ದೇ ಇರುತ್ತಿತ್ತು.

ಫ್ರಿಜ್

ಹೊಸ ತಿಪ್ಪಸಂದ್ರದಲ್ಲಿ ಕಾರ್ಖಾನೆ ನೌಕರರೊಬ್ಬರ ಮನೆ. ನಡುಮನೆಯಲ್ಲೇ ಫ್ರಿಜ್, ಅದರ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವು. ಫ್ರಿಜ್ ಇದ್ದರೆ ನಮ್ಮ ಲೆಕ್ಕದಲ್ಲಿ ಮುಂದುವರಿದ ಮನೆ. ಗುರುತು ಹಾಕಿಕೊಂಡೆ. ಮನೆಯಾಕೆ ಕಾಫಿ ತರಲು ಒಳಗೆ ಹೋದಾಗ ನೋಡಿದರೆ ಪ್ಲಗ್ಗೇ ಹಾಕಿಲ್ಲ. ವಾಪಸ್ ಬಂದಾಗ, ಕೆಟ್ಟಿದೆಯಾ ಅಂತ ಕೇಳಿದೆ. ಆಕೆಗೆ ಬೇಜಾರಾಯಿತು. ಕರೆಂಟ್ ಬಿಲ್ ಏರುತ್ತದೆ ಅಂತ ಅತ್ತೆ ಪ್ಲಗ್ ಹಾಕಲು ಬಿಡುವುದಿಲ್ಲವಂತೆ. ಒಳಗೆ ಅಕ್ಕಿ, ಬೇಳೆ, ಹಪ್ಪಳ ತುಂಬಿಸಿಟ್ಟಿದ್ದಾರಂತೆ.

"ಕೆಟ್ಟಿಲ್ಲ ರೀ, ತುಂಬಾ ಚೆನ್ನಾಗಿ ಕೆಲಸ ಮಾಡ್ತಿದೆ. ತಂದಾಗಿನಿಂದ ಒಂದು ಇಲೀನೂ ಒಳಗೆ ಹೋಗಿಲ್ಲ."

ಬೇಸಾಯ

ಕೆ.ಆರ್. ಪುರದ ಹತ್ತಿರದ ಹಳೇ ಊರಿನ ಯಜಮಾನರೊಬ್ಬರು ತಮ್ಮ ಉದ್ಯೋಗ ಬೇಸಾಯ ಅಂದರು. ಹೊಲ ಎಲ್ಲಿದೆ ಅಂದರೆ ಎದುರಿಗಿದ್ದ ಮಹಡಿ ಮನೆಗಳ ಸಾಲಿನ ಕಡೆ ಕೈ ತೋರಿಸಿದರು. ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಹಾಗಾದರೆ ಬಾಡಿಗೆ ವರಮಾನ ಅಂತ ಬರೆದುಕೊಳ್ಳಲೇ ಅಂದೆ. ಅವರ ಮುಖ ಗಂಟಾಯಿತು. ತಾತನ ಕಾಲದಿಂದ ಬಂದ ಹೆಸರನ್ನು ನಾನು ಒಂದು ಪೆನ್ನಿನಲ್ಲಿ ಅಳಿಸಲು ಹೊರಟಿದ್ದೆನಲ್ಲ.

"ಅದೇ ಹೊಲ ಕಣಮ್ಮ," ಅಂದರು. "ಆಗ ವರ್ಷಕ್ಕೊಂದು ಕೊಯ್ಲು, ಈಗ ತಿಂಗಳಿಗೊಂದು. ಆಗ ಮಳೆ ಬರ್ಲಿಲ್ಲ ಅಂತ ಅಳ್ತಿದ್ವಿ. ಈಗ ಮಳೆ ಬಂದ್ರೆ ಸೋರ್ತಿದೆ ಅಂತ ಬೆಳೇನೇ ಬಂದು ಬಾಗಿಲು ತಟ್ಟುತ್ತೆ."

ನಲ್ಲಿ

ಜೋಗುಪಾಳ್ಯದ ಗಲ್ಲಿಯೊಂದರಲ್ಲಿ ಮಾತ್ರ ನಗು ಬರಲಿಲ್ಲ. ಮನೆಯಲ್ಲಿ ನಲ್ಲಿ ಇದೆಯಾ ಅನ್ನುವುದು ನಮ್ಮ ಪ್ರಶ್ನೆ. ಎಲ್ಲ ಮನೆಯಲ್ಲೂ ಇತ್ತು. ಅದರಲ್ಲಿ ನೀರು ಬರುತ್ತಾ ಅನ್ನುವ ಪ್ರಶ್ನೆ ಹಾಳೆಯಲ್ಲಿರಲಿಲ್ಲ. ಬರುವುದಿಲ್ಲ ಅಂತ ನಾನು ಅಂಚಿನಲ್ಲಿ ಬರೆದೆ. ಕಂಪ್ಯೂಟರಿಗೆ ಅಂಚು ಕಾಣಿಸಲಿಲ್ಲ. ಗಲ್ಲಿ ಮುಂದುವರಿದವರ ಪಟ್ಟಿಗೆ ಸೇರಿತು. ಅವರಿಗಿದ್ದ ಒಂದೇ ಆಧಾರವಾದ ಲಾರಿಯನ್ನು ನಿಲ್ಲಿಸುವುದು ಅಂತಾಯಿತು.

ಗಲ್ಲಿಯ ತುದಿಯಲ್ಲಿ ಹೂ ಮಾರುತ್ತಿದ್ದಾಕೆಗೆ ಸುದ್ದಿ ಮುಟ್ಟಿತ್ತು. ದಾರಿಯಲ್ಲೇ ನನ್ನನ್ನು ತಡೆದು ನಿಲ್ಲಿಸಿದಳು.

"ನಲ್ಲಿ ಇದೆ ಅಂದಿದ್ದು ನಿಜ ಕಣಕ್ಕ. ನೀರು ತುಂಬೋ ಹಬ್ಬಕ್ಕೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಪೂಜೇನೂ ಮಾಡ್ತೀವಿ. ಬರೋದು ಬರೀ ಗಾಳಿ. ಲಾರಿ ನಿಂತ್ರೆ ಮಕ್ಕಳಿಗೆ ಗಾಳೀಲಿ ಸ್ನಾನ ಮಾಡಿಸ್ಲಾ?"

ಸಾಹೇಬರ ಭೇಟಿ

ಲಾರಿ ನಿಲ್ಲಿಸಬೇಡಿ ಅಂತ ನಾನು ನಮ್ಮ ಕಚೇರಿಯ ಸಾಹೇಬರ ಹಿಂದೆ ಬಿದ್ದೆ. ಕೊನೆಗೆ ಅವರು, ಸರಿ, ಕಣ್ಣಾರೆ ನೋಡಿಯೇ ತೀರ್ಮಾನ ಮಾಡೋಣ ಅಂದರು. ಹೂವಿನವಳಿಗೆ ಮೊದಲೇ ಹೇಳಿ ಬಂದೆ: ಏನೂ ಮಾಡಬೇಡಿ, ಇರುವುದನ್ನು ಇರುವ ಹಾಗೆ ತೋರಿಸಿ, ಸಾಕು.

ಆದರೆ ಮನೆಗೆ ಬಂದವರನ್ನು ಬರಿಗಂಟಲಲ್ಲಿ ಕಳಿಸುವುದು ಅವರ ಪಾಲಿಗೆ ನೀರಿಲ್ಲದ್ದಕ್ಕಿಂತ ದೊಡ್ಡ ಬಡತನ. ಮೊದಲ ಮನೆಯಲ್ಲಿ ತಣ್ಣನೆ ನೀರು ಕೊಟ್ಟರು. ಎರಡನೆಯದರಲ್ಲಿ ಮಜ್ಜಿಗೆ, ಆಮೇಲೆ ನಿಂಬೆ ಪಾನಕ. ಒಂದು ಕಡೆ ಸಾಹೇಬರು ಬೇಡ ಅಂದದ್ದಕ್ಕೆ ಆ ಮನೆಯಾಕೆ, "ಪಕ್ಕದವ್ರದ್ದು ಕುಡಿದ್ರಿ, ನಮ್ದು ಆಗಲ್ವಾ ಸಾರ್?" ಅಂತ ಮುಖ ಸಣ್ಣದು ಮಾಡಿಕೊಂಡಳು. ಅಲ್ಲಿಂದ ಮುಂದೆ ಅವರು ಎಲ್ಲೂ ಬೇಡ ಅನ್ನಲಿಲ್ಲ. ಕೊಡಗಳ ತಳದಲ್ಲಿ ಉಳಿಸಿಟ್ಟಿದ್ದ ನೀರೆಲ್ಲ ನನ್ನ ಕಣ್ಣೆದುರಿಗೇ ಸಾಹೇಬರ ಹೊಟ್ಟೆ ಸೇರುತ್ತಿತ್ತು. ಸಾಕು ನಿಲ್ಲಿಸಿ ಅಂತ ಹೂವಿನವಳಿಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಉಪಚಾರ ಸಾಲದೇನೋ ಅಂದುಕೊಂಡು ಅವಳು ಇನ್ನೊಂದು ಲೋಟ ಮಜ್ಜಿಗೆ ತಂದಳು.

ಅವಳ ಮನೆ ಬಾಗಿಲಲ್ಲಿ ಸಾಹೇಬರು ಮೀಸೆ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ನೀವು ಸುಮ್ನೆ ಗಾಬರಿ ಪಡ್ತೀರಿ ಮೇಡಂ. ಇಷ್ಟು ಧಾರಾಳವಾಗಿ ನಮ್ಮನೇಲೂ ನೀರಿಲ್ಲ." ಲಾರಿ ನಿಲ್ಲಿಸಿ ಅಂತ ಬರೆಯಲು ಪೆನ್ನು ತೆಗೆದರು.

ಪೆನ್ನು ಅರ್ಧಕ್ಕೇ ನಿಂತಿತು. ಅವರ ಮುಖ ಬದಲಾಯಿತು. ಇಲ್ಲಿ ಟಾಯ್ಲೆಟ್ ಇದೆಯಾ ಅಂತ ತಗ್ಗಿದ ದನಿಯಲ್ಲಿ ಕೇಳಿದರು. ಹೂವಿನವಳು ಹೆಮ್ಮೆಯಿಂದ ತನ್ನದನ್ನು ತೋರಿಸಿದಳು. ಅಲ್ಲೂ ಒಂದು ನಲ್ಲಿ ಇತ್ತು.

ಸಾಹೇಬರು ಒಳಗೆ ಹೋಗಿ ತುಂಬಾ ಹೊತ್ತಾದ ಮೇಲೆ ನಲ್ಲಿ ತಿರುಗಿಸಿದ ಸದ್ದು ಕೇಳಿತು. ಆಮೇಲೆ ಉದ್ದಕ್ಕೆ ಬುಸ್ ಅಂತ ಗಾಳಿ. ಮತ್ತೆ ತಿರುಗಿಸಿದರು, ಮತ್ತೆ ಬುಸ್. ಆಮೇಲೆ ಒಳಗಿನಿಂದ ಸಣ್ಣದಾಗಿ, "ಮೇಡಂ..."

ಹೂವಿನವಳು ಅಡುಗೆಮನೆಗೆ ಓಡಿ ಒಂದೊಂದೇ ಕೊಡ ಬಗ್ಗಿಸಿ ನೋಡಿದಳು. ಅಕ್ಕಪಕ್ಕದ ಮನೆಗಳಿಗೂ ಹೋಗಿ ಬಂದಳು. ಬಾಗಿಲ ಹತ್ತಿರ ನಿಂತು, ಯಾವ ಕುಹಕವೂ ಇಲ್ಲದೆ, ತುಂಬಾ ಮರ್ಯಾದೆಯಿಂದ ಹೇಳಿದಳು:

"ಒಂದು ತೊಟ್ಟೂ ಇಲ್ಲ ಸಾರ್, ಇದ್ದಿದ್ದೆಲ್ಲ ನೀವೇ ಕುಡಿದ್ರಿ. ನಾಳೆ ಲಾರಿ ಬರುತ್ತೆ. ಅಲ್ಲೀವರೆಗೂ ಆರಾಮಾಗಿ ಕೂತಿರಿ."

ಒಳಗೆ ಸಾಹೇಬರು ಹೆಚ್ಚು ಯೋಚಿಸಲಿಲ್ಲ.

"ಮೇಡಂ, ಬರ್ಕೊಳ್ಳಿ. ಈ ಗಲ್ಲಿಗೆ ಇನ್ಮೇಲೆ ದಿನಾ ಲಾರಿ. ಇವತ್ತಿಂದಲೇ."