ಬೀರುವಿನಲ್ಲಿದ್ದ ಬಿಲ್ಲೆ

ಹೊಸ ಛತ್ರಿ ನೆನೆಯಬಾರದೆಂದು ಅದನ್ನು ಕಂಕುಳಲ್ಲಿಟ್ಟುಕೊಂಡು ಮಳೆಯಲ್ಲಿ ನೆನೆದೇ ಮನೆಗೆ ಬಂದವರ ವಂಶ ನಮ್ಮದು. ಮಾವ ಕೊಟ್ಟ ಕೋಟಿನ ಮಡಿಕೆಯನ್ನು ನಾನು ಇವತ್ತಿಗೂ ಬಿಚ್ಚಿಲ್ಲ. ಬಿಚ್ಚಿದರೂ ಈಗ ಮೈಗೆ ಹಿಡಿಸುವುದಿಲ್ಲ. "ನಿಮ್ಮ ಕೈಗೆ ಏನು ಕೊಟ್ರೂ ಪೆಟ್ಟಿಗೆ ಸೇರತ್ತೆ ಮಾರಾಯ್ರೆ" ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಈ ಗುಣವನ್ನೇ ಮೆಚ್ಚಿ ಭದ್ರಾವತಿಯ ಒಂದು ವರ್ಕ್‌ಶಾಪಿನವರು ನನ್ನನ್ನು ಸ್ಟೋರ್ ಕೀಪರ್ ಮಾಡಿದರು. ಅವರಿಗೂ ಬುದ್ಧಿ ಇರಲಿಲ್ಲ.

ಅರವತ್ತರ ದಶಕದ ಮಾತು. ಎರಕ ಹೊಯ್ದ ಕಬ್ಬಿಣದೊಳಗೆ ಬಿರುಕಿದೆಯೇ ಎಂದು ನೋಡಲು ವಿಕಿರಣ ಸೂಸುವ ಲೋಹದ ಕಾಳೊಂದನ್ನು ತರಿಸಿದರು. ಮೆಣಸಿನ ಕಾಳಿನಷ್ಟು ಗಾತ್ರ, ಅದನ್ನಿಡಲು ಸೀಸದ ಭಾರಿ ಡಬ್ಬಿ. ಹತ್ತಿರ ಕೆಲಸ ಮಾಡುವವರು ಎದೆಗೆ ಸಿಕ್ಕಿಸಿಕೊಳ್ಳಲು ಫಿಲ್ಮ್ ಬಿಲ್ಲೆಗಳೂ ಬಂದವು. ಮೈಗೆ ವಿಕಿರಣ ತಗಲಿದಷ್ಟೂ ಒಳಗಿನ ಫಿಲ್ಮ್ ಕಪ್ಪಾಗುತ್ತದಂತೆ. ನನಗೆ ಕಂಡದ್ದು ಅದರ ಹೊಳೆಯುವ ಕ್ಲಿಪ್ಪು ಮಾತ್ರ. ಎರಕ ಉಜ್ಜುವ ಆರುಮುಗಂ ಒಂದು ದಿನ ಬಿಲ್ಲೆಗೆ ಗ್ರೀಸ್ ಮೆತ್ತಿಸಿಕೊಂಡು ಬಂದ. ಅವನನ್ನು ಬೈದು, ಎಲ್ಲರ ಬಿಲ್ಲೆಗಳನ್ನೂ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ತನಿಖೆಯವರು ಬಂದ ದಿನ ಮಾತ್ರ ಹಂಚುತ್ತಿದ್ದೆ. ಎಷ್ಟು ನೀಟಾಗಿ ಇಟ್ಟಿದ್ದೀರಿ ಎಂದು ಅವರು ನನ್ನ ಬೆನ್ನು ತಟ್ಟಿ ಹೋಗಿದ್ದರು.

ಒಂದು ಬೆಳಿಗ್ಗೆ ಆ ಕಾಳು ಡಬ್ಬಿಯಿಂದ ಜಾರಿ ಎರಕದ ಮರಳಿನಲ್ಲಿ ಬಿದ್ದದ್ದು ಯಾರಿಗೂ ತಿಳಿಯಲಿಲ್ಲ. ಆರುಮುಗಂ ಅದರ ಪಕ್ಕದಲ್ಲೇ ಕೂತು ದಿನವಿಡೀ ಕೆಲಸ ಮಾಡಿದ, ಅಲ್ಲೇ ಬುತ್ತಿ ಉಂಡ. ಸಂಜೆಗೆ ವಾಂತಿ ಶುರುವಾಯಿತು. ಕಾಳು ಸಿಕ್ಕ ಮೇಲೆ, ನಾನು ತಂದುಕೊಟ್ಟ ಅವನ ಬಿಲ್ಲೆಯ ಫಿಲ್ಮ್ ತೊಳೆಸಿ ನೋಡಿದರೆ ಒಂದು ಕಪ್ಪು ಚುಕ್ಕೆಯೂ ಇಲ್ಲ. "ಬುತ್ತಿ ಹಳಸಿರ್ಬೇಕು, ನಾಳೆ ಕೆಲ್ಸಕ್ಕೆ ಬರ್ಲಿ" ಅಂದರು ಮ್ಯಾನೇಜರು. ಬೀರುವಿನ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ನಾನು ಬಾಯಿ ಬಿಡಲಿಲ್ಲ. ಹೆದರಿಕೆ, ಇನ್ನೇನು.

ಅವನ ಹೆಂಡತಿ ಮ್ಯಾನೇಜರ ಮಾತು ಕೇಳದೆ ಅವನನ್ನು ಶಿವಮೊಗ್ಗದ ಡಾಕ್ಟರೊಬ್ಬರ ಹತ್ತಿರ ಕರೆದೊಯ್ದಳು. "ಫಿಲ್ಮ್ ಏನಾದ್ರೂ ಹೇಳ್ಲಿ, ನಾನು ರಕ್ತ ನೋಡ್ತೀನಿ" ಅಂದರಂತೆ ಅವರು. ವಿಕಿರಣ ತಗಲಿದ್ದರೆ ಬಿಳಿ ರಕ್ತಕಣಗಳಲ್ಲಿ ಒಂದು ಜಾತಿ ಕಡಿಮೆಯಾಗುತ್ತದೆ. ಎಷ್ಟು ಬೇಗ ಇಳಿದರೆ ಅಷ್ಟು ಹೆಚ್ಚು ತಗಲಿದೆ ಎಂದು ಅಂದಾಜು. ಹೋಲಿಸಿ ನೋಡಲು ಆ ಕಾಳಿನ ಹತ್ತಿರ ಸುಳಿಯದ ಒಬ್ಬ ಆರೋಗ್ಯವಂತ ಬೇಕೆಂದು ಡಾಕ್ಟರು ಚೀಟಿ ಕಳಿಸಿದರು. ಸ್ಟೋರ್ ಬಿಟ್ಟು ಕದಲದ ನನ್ನನ್ನೇ ಮ್ಯಾನೇಜರು ಆರಿಸಿದರು.

ದಿನಾ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಹೋಗಿ ಇಬ್ಬರೂ ತೋಳು ಚಾಚುತ್ತಿದ್ದೆವು. ಸೂಜಿ ಕಂಡು ನಾನು ಕಣ್ಣು ಮುಚ್ಚಿದರೆ, "ಇರುವೆ ಕಚ್ದಂಗೆ ಅಷ್ಟೇ ಸಾರ್" ಎಂದು ಅವನೇ ನನಗೆ ಧೈರ್ಯ ಹೇಳುತ್ತಿದ್ದ. ನನ್ನ ಎಣಿಕೆ ಇದ್ದಷ್ಟೇ ಇತ್ತು. ಅವನದು ದಿನದಿಂದ ದಿನಕ್ಕೆ ಅರ್ಧವಾಗುತ್ತಿತ್ತು. ಮೂರನೆಯ ದಿನ ಡಾಕ್ಟರು ಕನ್ನಡಕ ತೆಗೆದು, "ಇವನ ಬಿಲ್ಲೆ ಆವತ್ತು ಎಲ್ಲಿತ್ರೀ?" ಎಂದು ಕೇಳಿದರು. ಬೀರುವಿನಲ್ಲಿ ಅಂದೆ. ಅಷ್ಟು ಹೊತ್ತಿಗೆ ಅವನ ರಕ್ತವೇ ಎಲ್ಲ ಹೇಳಿಯಾಗಿತ್ತು. ನನ್ನ ಸತ್ಯದಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಅವನನ್ನು ಮದರಾಸಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ರೈಲಿನ ಕಿಟಕಿಯಲ್ಲಿ ಕೂತು, "ಸಾರ್, ನನ್ನ ಬಿಲ್ಲೆ ವಾಪಸ್ ಕೇಳ್ತಾರಾ?" ಅಂದ.

"ಬೀರುನಲ್ಲೇ ಇದೆ, ಭದ್ರವಾಗಿದೆ."

"ನೀವಿದ್ರೆ ಅದೊಂದು ಚಿಂತೆ ಇಲ್ಲ ಸಾರ್."

ಅವನು ವಾಪಸ್ ಬರಲಿಲ್ಲ. ಬಿಲ್ಲೆಗೂ ನನಗೂ ಇವತ್ತಿಗೂ ಒಂದು ಗೀರು ಬಿದ್ದಿಲ್ಲ.