ಅಂಚೆಪೆಟ್ಟಿಗೆ ಬೀದಿಗೆ ನುಗ್ಗಿದ ರೋಲರು

"ಇವತ್ತು ಈ ಊರಿನ ಟ್ರಾಫಿಕ್ಕನ್ನ ಬರೀ ನಾಲಿಗೆಯಿಂದಲೇ ಸರಿ ಮಾಡ್ತೀನಿ, ನೋಡ್ತಿರು!"

ಹೀಗೆಂದು ಬೆಳಗಿನ ಕಾಫಿ ಲೋಟವನ್ನು ಮೇಜಿನ ಮೇಲೆ ಕುಟ್ಟಿದವನು ಊರಿನ ರೇಡಿಯೋದಲ್ಲಿ ದಿನವೂ ರಸ್ತೆ ಸಮಾಚಾರ ಹೇಳುವ ನಿರೂಪಕ. ಕೇಳುಗರು ತನಗೆ ‘ದಾರಿದೀಪ’ ಎಂಬ ಬಿರುದು ಕೊಟ್ಟಿದ್ದಾರೆಂದು ಅವನು ಹೇಳಿಕೊಳ್ಳುತ್ತಿದ್ದ. ಕೊಟ್ಟವರು ಯಾರೆಂದು ಹೆಂಡತಿ ಕೇಳಿದಾಗಲೆಲ್ಲ ಮಾತು ಬದಲಿಸುತ್ತಿದ್ದ.

ಹೆದ್ದಾರಿಯನ್ನು ಅಗಲ ಮಾಡಿ ಮೇಲೊಂದು ಸೇತುವೆ ಕಟ್ಟುವ ಮಹಾಯೋಜನೆ ಶುರುವಾದ ಮೇಲೆ ಅವನ ಅದೃಷ್ಟ ಖುಲಾಯಿಸಿತ್ತು. ರಸ್ತೆ ಅಗೆದಷ್ಟೂ ಅವನ ಕಾರ್ಯಕ್ರಮ ಉದ್ದವಾಗುತ್ತಿತ್ತು! ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಬೋರ್ಡು ಬಿಸಿಲಿಗೆ ಮಾಸಿ ಹೋಗಿ, ಅದೇ ಜಾಗಕ್ಕೆ ಹೊಸ ಬೋರ್ಡು ಬಂದಾಗ ಅದನ್ನೂ ಪ್ರಗತಿಯ ಖಾತೆಗೆ ಸೇರಿಸಿ ಗಂಭೀರವಾಗಿ ಓದಿದ್ದ. ಇಷ್ಟಾಗಿ ಸ್ಟುಡಿಯೋ ಅವನ ಮನೆಗೆ ನಡೆದು ಹೋಗುವಷ್ಟು ಹತ್ತಿರ. ಆ ಹೆದ್ದಾರಿಯನ್ನು ಅವನು ಕಣ್ಣಾರೆ ಕಂಡು ತಿಂಗಳುಗಳೇ ಕಳೆದಿದ್ದವು.

ಅವತ್ತು ಮಾವನವರಿಗೆ ಕಣ್ಣಿನ ಪೊರೆಯ ಆಪರೇಷನ್ನು.

"ಟ್ರಾಫಿಕ್ ಆಮೇಲೆ ಸರಿ ಮಾಡಿ," ಎಂದಳು ಹೆಂಡತಿ. "ಅಪ್ಪನ್ನ ಹತ್ತು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸ್ಬೇಕು. ಈ ಡಾಕ್ಟ್ರು ಸಿಗೋದೇ ಕಷ್ಟ. ಇವತ್ತು ತಪ್ಪಿದ್ರೆ ಮತ್ತೆ ಯಾವಾಗಲೋ! ಯಾವ ಕಡೆಯಿಂದ ಹೋಗ್ಲಿ, ಅಷ್ಟು ಹೇಳಿ."

"ಹೆದ್ದಾರೀಲೇ ಹೋಗು! ನಿನಗೋಸ್ಕರ ಅದನ್ನ ಖಾಲಿ ಮಾಡಿಸ್ತೀನಿ. ನಾನು ಮೈಕ್ ಮುಂದೆ ಕೂರೋ ಹೊತ್ತಿಗೆ ನೀವು ಹೊರಟಿರ್ಬೇಕು, ಅಷ್ಟೇ. ಉಳಿದದ್ದು ನನಗೆ ಬಿಡು."

"ನಿಮಗೆ ಬಿಟ್ಟಿದ್ದೆಲ್ಲ ತಿರುಗಿ ನನ್ನ ತಲೆ ಮೇಲೇ ಬೀಳೋದು."

ದಾರಿದೀಪ ನಕ್ಕ. ಅವನ ತಲೆಯಲ್ಲಿ ಅದ್ಭುತವಾದ ಉಪಾಯವೊಂದು ಹೊಳೆದಿತ್ತು. ತನ್ನ ಮನೆಯಿದ್ದ ಅಂಚೆಪೆಟ್ಟಿಗೆ ಬೀದಿಯ ಒಂದು ತುದಿ ಹೆದ್ದಾರಿಗೆ, ಇನ್ನೊಂದು ತುದಿ ಮಾರುಕಟ್ಟೆಗೆ ಸೇರುತ್ತಿತ್ತು. ಬೀದಿಯವರನ್ನು ಬಿಟ್ಟರೆ ಈ ಗುಟ್ಟು ಯಾರಿಗೂ ಗೊತ್ತಿರಲಿಲ್ಲ. ಹೆಂಡತಿ, ಮಾವ ಹೆದ್ದಾರಿ ಸೇರಿದ ಮೇಲೆ ಉಳಿದ ಊರನ್ನೆಲ್ಲ ಈ ಬೀದಿಗೆ ತಿರುಗಿಸಿಬಿಟ್ಟರೆ? ಹೆದ್ದಾರಿಯ ತುಂಬ ಮಾವನವರೊಬ್ಬರೇ!

ಮೈಕಿನ ಮುಂದೆ ಕುಳಿತು ಗಂಟಲು ಸರಿಮಾಡಿಕೊಂಡ.

"ಹೆದ್ದಾರಿಯ ಧೂಳಿನಲ್ಲಿ ನರಳುತ್ತಿರುವ ನನ್ನ ಬಂಧುಗಳೇ! ನಿಮ್ಮ ದಾರಿದೀಪ ಇಂದು ಒಂದು ಪರಮರಹಸ್ಯವನ್ನು ಬಯಲು ಮಾಡುತ್ತಿದ್ದಾನೆ. ಕೆಂಪು ಅಂಚೆಪೆಟ್ಟಿಗೆ ಕಂಡಲ್ಲಿ ತಿರುಗಿ, ನೇರ ಮಾರುಕಟ್ಟೆ ಸೇರಿ! ಮಾರುಕಟ್ಟೆಯಿಂದ ಬರುವವರಿಗೂ ಅದೇ ಸ್ವರ್ಗದ ಬಾಗಿಲು!"

ಮೊದಲು ಫೋನ್ ಮಾಡಿದ ಟ್ಯಾಕ್ಸಿ ಚಾಲಕ, "ಸಾರ್, ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದ. ದಾರಿದೀಪನ ಎದೆ ಒಂದು ಗೇಣು ಉಬ್ಬಿತು.

ಎರಡನೆಯವರು, "ಸಾರ್, ಇಲ್ಲಿ ಸ್ವಲ್ಪ ಗಾಡಿ ಜಾಸ್ತಿ ಆದ ಹಾಗಿದೆ," ಎಂದರು. "ತಾಳ್ಮೆ ಇರಲಿ ಬಂಧುಗಳೇ!" ಎಂದ ದಾರಿದೀಪ.

ಮೂರನೆಯ ಕರೆಯಲ್ಲಿ ಮಾತಿಗಿಂತ ಗಡಗಡ ಸದ್ದೇ ಹೆಚ್ಚಾಗಿತ್ತು.

"ಸಾರ್, ನಾನೂ ನಿಮ್ಮ ಮಾತು ಕೇಳಿ ಬೀದಿಯೊಳಗೆ ಬಂದೆ. ಈಗ ಮುಂದಕ್ಕೂ ಆಗ್ತಿಲ್ಲ, ಹಿಂದಕ್ಕೂ ಆಗ್ತಿಲ್ಲ."

"ಗಾಬರಿ ಬೇಡ ಅಣ್ಣಾ. ಯಾವ ಗಾಡಿ ನಿಮ್ಮದು?"

"ರೋಲರು ಸಾರ್."

"ಏನು?"

"ರಸ್ತೆ ರೋಲರು! ಸೇತುವೆಯ ಆ ಕಡೆಗೆ ಹೋಗ್ಬೇಕಿತ್ತು. ನೀವು ಸ್ವರ್ಗದ ಬಾಗಿಲು ಅಂದ್ರಲ್ಲ, ಬೇಗ ಆಗುತ್ತೆ ಅಂತ ತಿರುಗಿಸ್ದೆ."

ದಾರಿದೀಪ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕಾಮಗಾರಿಯ ಎಂಜಿನಿಯರ್ ಲೈನಿಗೆ ಬಂದರು.

"ಏನ್ರೀ ಇದು ಅನ್ಯಾಯ! ಬಿಸಿ ಟಾರು ಸುರಿದು ನಿಂತಿದೀವಿ, ಒತ್ತೋಕೆ ರೋಲರೇ ಇಲ್ಲ! ಇಷ್ಟು ದಿನ ಕಾಮಗಾರಿಯಿಂದ ಟ್ರಾಫಿಕ್ ನಿಲ್ತಿತ್ತು. ಇವತ್ತು ಟ್ರಾಫಿಕ್ಕಿನಿಂದ ಕಾಮಗಾರಿ ನಿಂತಿದೆ!"

ಆದರೂ ದಾರಿದೀಪನಿಗೆ, ಹೆಂಡತಿ ಇಷ್ಟು ಹೊತ್ತಿಗೆ ಆಸ್ಪತ್ರೆ ಸೇರಿರುತ್ತಾಳೆಂಬ ಸಮಾಧಾನವೊಂದಿತ್ತಲ್ಲ! ಆ ಸಮಾಧಾನ ಮುಂದಿನ ಕರೆಯವರೆಗೆ ಉಳಿಯಿತು.

"ಹಲೋ, ರಸ್ತೆ ಸಮಾಚಾರಕ್ಕೆ ಸ್ವಾಗತ. ಯಾರು ಮಾತಾಡ್ತಿದೀರಿ?"

"ನಿಮ್ಮ ಹೆಂಡತಿ."

"ನೀ... ನೀನು ಎಲ್ಲಿದೀಯ?"

"ಇನ್ನೆಲ್ಲಿ? ಮನೇಲಿ! ಅಪ್ಪನ ಕನ್ನಡಕ ಕಾಣಿಸ್ಲಿಲ್ಲ. ಹುಡುಕಿ ಗೇಟು ತೆಗೀತೀನಿ, ಎದುರಿಗೆ ಬಸ್ಸು! ಬಸ್ಸಿನ ಹಿಂದೆ ಲಾರಿ! ನಿಮ್ಮ ಮೊಬೈಲು ಬೇರೆ ಆಫ್. ಅದಕ್ಕೇ ಕೇಳುಗರ ನಂಬರಿಗೆ ಮಾಡಿದೀನಿ."

"ಪ್ರಿಯ ಕೇಳುಗರೇ, ಈಗ ಒಂದು ಚಿಕ್ಕ ವಿರಾಮ..."

"ವಿರಾಮ ಗಿರಾಮ ಏನೂ ಬೇಡ! ಫೋನ್ ಇಟ್ಟೀರಿ, ಜೋಕೆ!"

ಆ ಗದರಿಕೆ ಬೀದಿಯಲ್ಲಿ ನಿಂತಿದ್ದ ಅಷ್ಟೂ ವಾಹನಗಳ ರೇಡಿಯೋದಿಂದ ಒಟ್ಟಿಗೆ ಮೊಳಗಿತು. ಬಸ್ಸಿಗೆ ಬಸ್ಸೇ ಗೊಳ್ಳೆಂದು ನಕ್ಕಿದ್ದು ಫೋನಿನಲ್ಲಿ ದಾರಿದೀಪನಿಗೂ ಕೇಳಿಸಿತು. ಹೋಗಲಿ ಎಂದರೆ, ಹಿಂದಿನಿಂದ ಮಾವನವರ ದನಿ ಬೇರೆ: "ನಮ್ಮ ಅಳಿಯಂದಿರೇ ಕಣ್ರೀ ಅವರು!"

"ಅಪ್ಪ ಯಾರ ಹತ್ರ ಮಾತಾಡ್ತಿದಾರೆ ಗೊತ್ತಾ?" ಎಂದಳು ಹೆಂಡತಿ. "ಆಪರೇಷನ್ ಮಾಡೋ ಡಾಕ್ಟ್ರ ಹತ್ರ! ಅವರ ಕಾರೂ ಇಲ್ಲೇ ಸಿಕ್ಕೊಂಡಿದೆ. ನಮ್ಮ ಜಗಲಿ ಮೇಲೆ ಕೂತು ನಿಂಬೆ ಪಾನಕ ಕುಡೀತಿದಾರೆ."

ದಾರಿದೀಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ರೋಗಿಯನ್ನು ತಡೆದ, ಡಾಕ್ಟರನ್ನು ತಡೆದ, ಕೊನೆಗೆ ರಸ್ತೆ ಮಾಡುವ ರೋಲರನ್ನೂ ತಡೆದ! ಗಾಜಿನಾಚೆ ನಿಲಯದ ಮುಖ್ಯಸ್ಥೆ ಎರಡೂ ಕೈಯಿಂದ ತಲೆ ಹಿಡಿದು ನಿಂತಿದ್ದರು.

"ಈಗ ಸುಮ್ನೆ ಕೇಳಿ," ಎಂದಳು ಹೆಂಡತಿ. "ನಾನು ಮಹಡಿಗೆ ಬಂದಿದೀನಿ. ಇಲ್ಲಿಂದ ಎಲ್ಲ ಕಾಣ್ಸುತ್ತೆ. ಮಾರ್ಕೆಟ್ ಕಡೆಯಿಂದ ಬಂದಿರೋ ನೀಲಿ ಕಾರಿನವರೇ, ಹಿಂದಕ್ಕೆ ತಗೊಳ್ಳಿ. ಹಾರ್ನ್ ಹೊಡೀಬೇಡಿ, ರೋಲರಿಗೆ ರೆಕ್ಕೆ ಬರಲ್ಲ! ಅವರ ಹಿಂದಿನ ವ್ಯಾನಿನವರೇ, ನೀವೂ ಹಿಂದೆ ಹೋಗಿ. ಹಾಂ, ಬನ್ನಿ ಬನ್ನಿ... ನಿಲ್ಲಿ!"

ಕೇಳುಗರು ಕೇಳಿದರು! ಒಂದೊಂದೇ ಗಾಡಿ ಹಿಂದೆ ಸರಿಯತೊಡಗಿತು. ರೋಲರಿನ ಮುಂದೆ ದಾರಿ ತೆರೆದುಕೊಂಡಿತು. ಆದರೂ ರೋಲರು ಅಲುಗಲಿಲ್ಲ.

"ಇನ್ನೇನು ಅಡ್ಡ ಅಣ್ಣಾ?" ಹೆಂಡತಿ ಮಹಡಿಯಿಂದಲೇ ಕೂಗಿದಳು.

"ಒಂದು ಹಸಿರು ಸ್ಕೂಟರಮ್ಮಾ! ಇದೊಂದಿಲ್ಲದಿದ್ರೆ ನಾನು ಆಗಲೇ ಹೋಗ್ತಿದ್ದೆ. ಯಾವ ಪುಣ್ಯಾತ್ಮ ನಿಲ್ಲಿಸಿದಾನೋ!"

ಸ್ಟುಡಿಯೋದಲ್ಲಿ ಪುಣ್ಯಾತ್ಮ ಜೇಬು ಮುಟ್ಟಿಕೊಂಡ. ಕೀ ಅಲ್ಲೇ ಇತ್ತು.

"ರೀ," ಹೆಂಡತಿಯ ದನಿ ಭಯಂಕರ ಮೆತ್ತಗಾಯಿತು. "ಸ್ಕೂಟರ್ ಗೇಟಿನೊಳಗೆ ಇಡಿ ಅಂತ ರಾತ್ರಿ ಹೇಳಿದ್ನಲ್ಲ?"

"ಮರೆತೆ," ಎಂದ ದಾರಿದೀಪ, ಇಡೀ ಊರು ಕೇಳುವಂತೆ.

ಬಸ್ಸಿನ ಪ್ರಯಾಣಿಕರೆಲ್ಲ ಇಳಿದು ಸ್ಕೂಟರಿಗೆ ಕೈ ಹಾಕಿದರು. ಡಾಕ್ಟರೂ ತೋಳು ಮಡಚಿಕೊಂಡು ಮುಂದೆ ಬಂದಾಗ ಮಾವನವರು ಹೌಹಾರಿದರು. "ಡಾಕ್ಟ್ರೇ, ನೀವು ಮುಟ್ಟಬೇಡಿ! ಆ ಕೈ ಇವತ್ತು ನನಗೆ ಬೇಕು!" ಸ್ಕೂಟರು ಅಂತರಿಕ್ಷದಲ್ಲಿ ತೇಲಿಕೊಂಡು ಹೋಗಿ ದಾರಿದೀಪನ ಮನೆಯ ನಡುಕೋಣೆಯಲ್ಲಿ, ಸೋಫಾದ ಪಕ್ಕ ವಿರಾಜಮಾನವಾಯಿತು. ರೋಲರು ಗಡಗಡಿಸಿ ಮುಂದೆ ಸಾಗಿತು. ಅದರ ಹಿಂದೆ ಬಸ್ಸು, ಲಾರಿ, ಕಾರುಗಳ ಮೆರವಣಿಗೆ. ಡಾಕ್ಟರು ತಮ್ಮ ಕಾರಿನಲ್ಲೇ ತಂದೆ ಮಗಳನ್ನು ಕೂರಿಸಿಕೊಂಡು ಹೋದರು.

ಆಪರೇಷನ್ನು ಚೆನ್ನಾಗಿಯೇ ಆಯಿತು. ಪಟ್ಟಿ ಬಿಚ್ಚಿದ ದಿನ ಅಳಿಯನನ್ನು ನೋಡಿದ ಮಾವನವರು, "ಅಯ್ಯೋ, ಇಷ್ಟು ಇಳಿದುಹೋಗಿದೀರಲ್ಲ!" ಎಂದು ಮರುಗಿದರು. ಇಳಿಯದೆ ಏನು? ಆ ವೇಳೆಗಾಗಲೇ ಮುಖ್ಯಸ್ಥೆಯಿಂದ ಕರೆ ಬಂದಿತ್ತು, ಗಂಡ ಹೆಂಡತಿ ಇಬ್ಬರೂ ಬರಬೇಕೆಂದು.

ಕೆಲಸ ಹೋಯಿತೆಂದೇ ತಿಳಿದು ದಾರಿದೀಪ ಅವರ ಮುಂದೆ ತಲೆ ತಗ್ಗಿಸಿ ಕುಳಿತ.

"ಫೋನ್ ಕೆಳಗಿಡೋಕೆ ಬಿಡ್ತಿಲ್ಲ ಜನ," ಎಂದರು ಮುಖ್ಯಸ್ಥೆ. "ಎಲ್ಲರದೂ ಒಂದೇ ಪ್ರಶ್ನೆ. ಆ ಅಮ್ಮ ಮತ್ತೆ ಯಾವಾಗ ಮಾತಾಡ್ತಾರೆ ಅಂತ. ನಾಳೆಯಿಂದ ರಸ್ತೆ ಸಮಾಚಾರ ಇವರದ್ದು."

ಹೆಂಡತಿ ಸೆರಗು ಸರಿಮಾಡಿಕೊಂಡು, "ನೋಡೋಣ, ಬೆಳಗಿನ ಕೆಲಸ ಯಾರು ಮಾಡ್ತಾರೆ ಅನ್ನೋದರ ಮೇಲಿದೆ," ಎಂದಳು.

"ಮತ್ತೆ... ನಾನು?" ದಾರಿದೀಪನ ದನಿ ಬಾವಿಯೊಳಗಿಂದ ಬಂದಂತಿತ್ತು.

"ನಿಮಗೆ ತುಂಬಾ ಎತ್ತರದ ಸ್ಥಾನ ಯೋಚಿಸಿದೀನಿ."

ಅವನ ಬೆನ್ನು ತಾನಾಗಿ ನೆಟ್ಟಗಾಯಿತು. "ಎಲ್ಲಿ ಮೇಡಂ?"

"ನಮ್ಮ ಕಟ್ಟಡದ ಟೆರೇಸಿನ ಮೇಲೆ. ಹೆದ್ದಾರಿ ಪೂರ್ತಿ ಕಾಣ್ಸುತ್ತೆ. ಅಲ್ಲಿ ನಿಂತು, ಕಣ್ಣಿಗೆ ಬಿದ್ದದ್ದನ್ನ ಮಾತ್ರ ಇವರಿಗೆ ಫೋನಲ್ಲಿ ಹೇಳಿ."

ಹೆಂಡತಿ ಕನಿಕರದಿಂದ ಗಂಡನ ಭುಜ ತಟ್ಟಿದಳು.

"ಕೊಡೆ ತಗೊಂಡು ಹೋಗಿ. ಮೇಲೆ ಬಿಸಿಲು ಜಾಸ್ತಿ."