ಉಪ್ಪು ನೀರು ಕುಡಿದ ಬ್ರೋಕರ್

ಮನೆ ಮಾರಲು ಒಳ್ಳೆಯ ಬ್ರೋಕರ್ ಸಿಗುವುದು ಹೇಗೆಂದು ಯಾರನ್ನು ಬೇಕಾದರೂ ಕೇಳಿ, ನನ್ನ ಸೋದರಮಾವನನ್ನು ಮಾತ್ರ ಕೇಳಬೇಡಿ. ಮಗಳಿಗೆ ಗಂಡು ಹುಡುಕುವವರೂ ಇಷ್ಟು ಸತಾಯಿಸುವುದಿಲ್ಲ. ಬೈಂದೂರಿನ ಹೊಳೆ ಬದಿಯ ಅವರ ಮನೆಯ ಮೆಟ್ಟಿಲು ಹತ್ತಿ ಇಳಿದ ಬ್ರೋಕರುಗಳನ್ನು ಸೇರಿಸಿದರೆ ಒಂದು ಬಸ್ಸು ತುಂಬೀತು!

ಬಸ್ಸೆಂದರೆ ನನಗೆ ಈಗ ಬೇಸರವೇ. ಅತ್ತೆಗೆ ವಾರಕ್ಕೆ ಮೂರು ಸಲ ಉಡುಪಿಯಲ್ಲಿ ಡಯಾಲಿಸಿಸ್. ಮರಳಿ ಬರುವಾಗ ಅವರಿಗೆ ಕತ್ತು ನಿಲ್ಲುವುದಿಲ್ಲ. ತಲೆ ಕಿಟಕಿಯ ಸರಳಿಗೆ ಬಡಿಯದಂತೆ ಮಾವ ದಾರಿಯುದ್ದಕ್ಕೂ ಕೈ ಅಡ್ಡ ಹಿಡಿದಿರುತ್ತಾರೆ. ಈ ಮನೆ ಮಾರಿದರೆ ಬ್ರಹ್ಮಾವರದಲ್ಲಿ ನೆಲಮಹಡಿಯ ಒಂದು ಸಣ್ಣ ಮನೆ ಕೊಳ್ಳಬಹುದು, ಓಡಾಟ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹೀಗಿರುವಾಗ ಮನುಷ್ಯನಾದವನು ಅವಸರ ಮಾಡಬೇಕೋ ಬೇಡವೋ?

ಮಾವ ಪರೀಕ್ಷೆ ಮಾಡುತ್ತಾರೆ! ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ಕ್ರಮ. ಬ್ರೋಕರಿಗೆ ಮಾತ್ರ ಬೆಲ್ಲವಿಲ್ಲ, ಬರೀ ನೀರು. ಅದೂ ಅವನ ಕಣ್ಣೆದುರೇ ಬಾವಿಯಿಂದ ಸೇದಿದ್ದು. ಸಮುದ್ರದ ನೀರು ಹೊಳೆಗೆ ಏರುವುದರಿಂದ ಬೇಸಿಗೆಯ ಎರಡು ತಿಂಗಳು ಆ ಬಾವಿ ಉಪ್ಪಾಗುತ್ತದೆ.

ಮೊದಲನೆಯವನು ಕಷ್ಟಪಟ್ಟು ನುಂಗಿ, “ಅಮೃತ ಮರಾಯ್ರೆ” ಅಂದ. ಅವನು ಅಲ್ಲೇ ಫೇಲು. ಎರಡನೆಯವನು ಚೆಂಬು ಕೆಳಗಿಟ್ಟು, “ಇದನ್ನ್ ಯಾರ್ ಹತ್ರವೂ ಹೇಳ್ಬೇಡಿ. ಮಳೆಗಾಲದಗೆ ಗಿರಾಕಿ ಕರ್ಕಂಡ್ ಬತ್ತೆ” ಅಂದ. ಅವನೂ ಫೇಲು. ಮೂರನೆಯವನು ಎಲ್ಲರಿಗಿಂತ ಬುದ್ಧಿವಂತ.

“ಗಿರಾಕಿ ಬಪ್ಪು ಮುಂಚೆ ಬಾವಿಗೆ ಒಂದ್ ಟ್ಯಾಂಕರ್ ಸಿಹಿನೀರ್ ಹೊಯ್ಸುವ.”

“ಆಯ್ತ್,” ಅಂದರು ಮಾವ, “ನೀವ್ ಕೆಳ್ಗ್ ಇಳ್ದ್ ಕಲಕ್ತ್ರಿಯಾ?”

ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಅವತ್ತು ಒಳಗೆ ಅತ್ತೆ ವಾಂತಿ ಮಾಡುತ್ತಿದ್ದರು. ಇಷ್ಟು ದಿನ ಕಳೆದದ್ದು ಸಾಲದೇ ಎಂದು ನನಗೆ ಮೈಯೆಲ್ಲ ಉರಿಯಿತು.

ಕೊನೆಗೆ ಹಾಲಾಡಿ ಕಡೆಯಿಂದ ಬಡಕಲನೊಬ್ಬ ಸ್ಕೂಟರಿನಲ್ಲಿ ಬಂದ. ಒಂದು ಗುಟುಕು ಕುಡಿದವನೇ ದಾಸವಾಳದ ಬುಡಕ್ಕೆ ಉಗುಳಿದ.

“ಹ್ವಾಯ್, ಎಂತ ಇದ್? ಬರೀ ಉಪ್ಪಲೆ. ಮೊದ್ಲೇ ಹೇಳಿಯೇ ಮಾರುವ. ರೇಟ್ ಸ್ವಲ್ಪ ಇಳಿತ್ತ್, ಅಡ್ಡಿಲ್ಯಾ?”

ಮಾವ ಒಳಗೆ ಹೋಗಿ ಬೆಲ್ಲದ ಡಬ್ಬವನ್ನೇ ಎತ್ತಿಕೊಂಡು ಬಂದರು.

ಅವನು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಹಿರಿಯರೆಂದೂ ನೋಡದೆ ಬೈದೆ. ಉಳಿದವರೂ ಮನೆ ಮಾರಿಯೇ ಕೊಡುತ್ತಿದ್ದರಲ್ಲ, ನಿಮ್ಮ ಸತ್ಯಸಂಧತೆಗೆ ಅತ್ತೆ ಯಾಕೆ ಬಸ್ಸಿನಲ್ಲಿ ಸಾಯಬೇಕು ಎಂದೆ. ಆಡಬಾರದ ಮಾತು. ಮಾವ ಬಾವಿಕಟ್ಟೆಯ ಮೇಲೆ ಕೈಯಾಡಿಸಿದರು.

“ಈ ಬಾವಿ ತೋಡುವಾಗ ಮಣ್ಣ್ ಹೊತ್ತದ್ದ್ ನಿನ್ನ್ ಅತ್ತೆ,” ಅಂದರು. “ನಾಳೆ ಮನೆ ತಕಂಡವ್ರ್ ಗೊತ್ತಿಲ್ದೆ ಈ ನೀರ್ ಕುಡ್ದ್, ಬಾವಿ ತೋಡ್ದವ್ರಿಗ್ ಶಾಪ ಹಾಕ್ರೆ ಯಾರಿಗ್ ತಾಗುದ್, ಹೇಳ್? ಅವ್ಳ್ ಮೈಯಗೆ ಇನ್ನ್ ಜಾಗ ಇಲ್ಲ ಮರಾಯ.”